ಎರಡು ಪದದ ಎಚ್ಚರಿಕೆ

ಫೋನಿನಲ್ಲಿ ಆಸ್ಪತ್ರೆಯ ನರ್ಸ್ ಅಳುತ್ತಿದ್ದಳು.

"ಮಗೂನ ಆಪರೇಷನ್ ಟೇಬಲ್ ಮೇಲೆ ಮಲಗಿಸಿದೀವಿ ಸಾರ್. ಡಾಕ್ಟ್ರು ಕೈ ತೊಳ್ಕೊಂಡು ನಿಂತಿದಾರೆ. ಕಂಪ್ಯೂಟರ್‌ನಲ್ಲಿ ಅದರ ಸ್ಕ್ಯಾನೇ ಇಲ್ಲ!"

ಸ್ಕ್ಯಾನ್‌ಗಳನ್ನು ಉಳಿಸಿಡುವ ಸಾಫ್ಟ್‌ವೇರನ್ನು ಪರೀಕ್ಷಿಸಿ ಆಸ್ಪತ್ರೆಗೆ ಕಳಿಸಿದ್ದವನು ಕುರ್ಚಿಯಿಂದ ಎದ್ದು ನಿಂತ.

"ಡಿಸ್ಕ್ ತುಂಬಿರಬೇಕು. ತುಂಬಿದ ಮೇಲೆ ತೆಗೆದ ಸ್ಕ್ಯಾನ್ ಉಳಿಯಲ್ಲ, ಹುಡುಕಿದ್ರೂ ಸಿಗಲ್ಲ. ಅದಕ್ಕೇ ನಾನು ಬೇಕಂತಲೇ ಡಿಸ್ಕ್ ತುಂಬಿಸಿ ತುಂಬಿಸಿ ನೋಡಿದ್ದೆ. ಪ್ರತಿ ಸಲ ಎಚ್ಚರಿಕೆ ಬಂದಿತ್ತು. ನಿಮಗೆ ಅರ್ಥ ಆಗ್ಲಿ ಅಂತ ಕನ್ನಡದಲ್ಲಿ ನಾನೇ ಬರೆದಿದ್ದೆ. ಬರಲಿಲ್ವಾ?"

"ಎಚ್ಚರಿಕೆ ಗಿಚ್ಚರಿಕೆ ಏನೂ ಬರ್ಲಿಲ್ಲ ಸಾರ್."

"ಸ್ಕ್ರೀನ್ ಮೇಲೆ ಏನೂ ಬರಲೇ ಇಲ್ವೇನಮ್ಮಾ? ಸರಿಯಾಗಿ ನೆನಪಿಸ್ಕೊಳ್ಳಿ!"

"ಬೆಳಗ್ಗೆ ಏನೋ ಒಂದು ಬಂತು. ಅದನ್ನ ಓದಿದ ಮೇಲೇ ಧೈರ್ಯವಾಗಿ ಸ್ಕ್ಯಾನ್ ಮಾಡಿದ್ವಿ."

"ಏನಂತ ಇತ್ತು?"

"'ಜಾಗ ಖಾಲಿ' ಅಂತ."