ನೆರಿಗೆ ಇಲ್ಲದ ಹಣ್ಣು

ಹಣ್ಣು ತುಟಿಗೆ ತಾಗುವಷ್ಟರಲ್ಲಿ ಹೊಸ ಸೊಸೆ ಅತ್ತೆಯ ಕೈಯನ್ನು ಗಪ್ಪನೆ ಹಿಡಿದಳು. ಗುಡ್ಡದ ಮೇಲೆ ಬುಟ್ಟಿಯ ಸುತ್ತ ಕೂತಿದ್ದ ಮನೆಮಂದಿಯೆಲ್ಲ ಹೌಹಾರಿದರು. ಆ ಮನೆಯಲ್ಲಿ ಕಾಡುಹಣ್ಣಿನ ವಿಷಯಕ್ಕೆ ಅತ್ತೆಯದೇ ಕೊನೆಯ ಮಾತು. ಅವರು ಕಿತ್ತು, ಅವರೇ ಮೊದಲನೆಯದನ್ನು ಬಾಯಿಗೆ ಹಾಕಿಕೊಳ್ಳುವವರೆಗೆ ಬೇರೆ ಯಾರೂ ಬುಟ್ಟಿ ಮುಟ್ಟುವಂತಿರಲಿಲ್ಲ.

“ಅತ್ತೆ, ಇದಕ್ಕೆ ನೆರಿಗೆ ಇಲ್ಲ!” ಎಂದಳು ಟೈಲರ್ ಕೆಲಸ ಮಾಡುತ್ತಿದ್ದ ಆ ಸೊಸೆ. “ಬೆಳಿಗ್ಗೆ ನೀವು ತೋರಿಸಿದ ಹಣ್ಣಿಗೆಲ್ಲ ತಲೆ ಮೇಲೆ ಫ್ರಾಕಿನ ಅಂಚಿನ ಹಾಗೆ ಪುಟ್ಟ ನೆರಿಗೆ ಇತ್ತು. ಇದು ಬೋಳು.”

“ಆ ಗಿಡದಲ್ಲಿ ಹಕ್ಕಿ ತಿಂತಿತ್ತು ಅತ್ತಿಗೆ, ನಾನೇ ನೋಡ್ದೆ. ಏನೂ ಆಗಲ್ಲ,” ಎಂದ ಮೈದುನ.

“ಹಕ್ಕಿ ಹೊಟ್ಟೆ ಬೇರೆ, ನಿನ್ನ ಹೊಟ್ಟೆ ಬೇರೆ. ಸುಮ್ನಿರೋ!” ಎಂದು ಗದರಿದ ಅತ್ತೆ, ಹಣ್ಣಿನ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಒಮ್ಮೆ, ಮತ್ತೊಮ್ಮೆ. ನುಣ್ಣಗಿತ್ತು. ಹಾಕಿಕೊಂಡರೆ ಎಲ್ಲರೂ ಮುದುಕಿ ಅಂತಾರೆ ಎಂದು ಅವರು ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಹಣ್ಣನ್ನು ದೂರ ಎಸೆದು, ಇಡೀ ಬುಟ್ಟಿಯನ್ನು ಸೊಸೆಯ ಮಡಿಲಿಗೆ ತಳ್ಳಿದರು. “ಒಂದೊಂದಾಗಿ ನೋಡು.”

“ಬೇಗ ನೋಡಮ್ಮ, ನನ್ನ ಬಾಯಲ್ಲಿ ಕೆರೆಯೇ ತುಂಬಿದೆ,” ಎಂದರು ಮಾವ. ಸೊಸೆ ಅವಸರಪಡಲಿಲ್ಲ. ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು ತಿರುಗಿಸಿದಳು. ಬೋಳು ಹಣ್ಣು ಇನ್ನೂ ಮೂರು ಸಿಕ್ಕವು. ಕೊನೆಗೆ ನೆರಿಗೆಯಿದ್ದ ಒಂದನ್ನು ಆರಿಸಿ, ಮನೆಯ ರೂಢಿಯಂತೆ ಅತ್ತೆಯತ್ತ ಚಾಚಿದಳು.

ಅತ್ತೆ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಕಣ್ಣು ಮುಚ್ಚಿ, ಬಾಯಿ ತೆರೆದರು.