ಅಕ್ಕನ ಹದಿಮೂರು ಕ್ಯಾಸೆಟ್ಟು

ಕರೆಗಂಟೆ ಎರಡನೇ ಸಲ ಬಡಿದುಕೊಂಡಾಗ ಟೇಲರಮ್ಮ ಒಂಬತ್ತನೇ ಕ್ಯಾಸೆಟ್ಟಿನ ಹೊಟ್ಟೆ ಬಗೆಯುತ್ತಿದ್ದಳು. ಇನ್ನೂ ನಾಲ್ಕು ಉಳಿದಿದ್ದವು.

ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಬಕೆಟ್ಟಿನ ತುಂಬ ಕಂದು ಟೇಪು ಎಳೆದು ಹಾಕಿ, ಬಟ್ಟೆಯ ದೊಡ್ಡ ಕತ್ತರಿಯಲ್ಲಿ ಕಚಕಚನೆ ತುಂಡು ಮಾಡುತ್ತಿದ್ದಳು. ಅದೇ ಕತ್ತರಿಯಲ್ಲಿ ಕಾಗದ ಕತ್ತರಿಸಿದ್ದಕ್ಕೆ ಒಮ್ಮೆ ಮಗಳ ಬೆನ್ನಿಗೆ ಗುದ್ದಿದ್ದವಳು ಇವಳೇ. ಇವತ್ತು ಕತ್ತರಿ ಮೊಂಡಾದರೆ ಆಗಲಿ. ಮನೆಗೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಲ್ಲಿ ಕಂಪನಿಯವರು ನಿಂತಿದ್ದರು.

"ಅಮ್ಮಾ, ಒಳಗಿದ್ದೀರಾ?" ನಿನ್ನೆ ಫೋನಿನಲ್ಲಿ ಮಾತಾಡಿದ್ದ ವಕೀಲೆಯ ದನಿ.

"ಸ್ನಾನ ಮಾಡ್ತಿದ್ದೀನಿ! ಐದು ನಿಮಿಷ!" ಎಂದು ಕೂಗಿ, ಮಾತಿಗೆ ಸಾಕ್ಷಿಯಾಗಿ ನಲ್ಲಿ ತಿರುಗಿಸಿದಳು.

ಇಷ್ಟಕ್ಕೂ ಟೇಲರಮ್ಮ ಮಾಡಿದ ಪಾಪವೇನು? ಅಕ್ಕನನ್ನು ನಾಲ್ಕು ಜನಕ್ಕೆ ತೋರಿಸಿದ್ದು. ಮೂವತ್ತೈದು ವರ್ಷದ ಹಿಂದೆ ಟಿವಿಯಲ್ಲಿ ಹದಿಮೂರು ಕಂತಿನ ಧಾರಾವಾಹಿಯೊಂದು ಬಂದಿತ್ತು. ಅದರಲ್ಲಿ ಅಕ್ಕ ಜಗಳಗಂಟಿ ಮನೆಯೊಡತಿ. ನಿಜಜೀವನದಲ್ಲಿ ಬೆಕ್ಕನ್ನೂ ಗದರದವಳು ಅಲ್ಲಿ ಸೊಂಟಕ್ಕೆ ಕೈಯಿಟ್ಟು ಬಾಡಿಗೆಯವರ ಜನ್ಮ ಜಾಲಾಡುತ್ತಿದ್ದಳು. ಟೇಲರಮ್ಮ ಯಾರ್ಯಾರನ್ನೋ ಕಾಡಿ ಬೇಡಿ ರೆಕಾರ್ಡರ್ ತಂದು ವಾರಕ್ಕೊಂದರಂತೆ ಅಷ್ಟನ್ನೂ ತುಂಬಿಸಿಟ್ಟಿದ್ದಳು. ಅಕ್ಕ ಮತ್ತೆ ಯಾವುದರಲ್ಲೂ ನಟಿಸಲಿಲ್ಲ. ಆರು ವರ್ಷದ ಹಿಂದೆ ತೀರಿಕೊಂಡಳು. ಅಂದಿನಿಂದ ಹೊಲಿಗೆಯಂತ್ರದ ಎದುರಿನ ಹಳೇ ಟಿವಿಯಲ್ಲಿ ಅಕ್ಕನ ಬೈಗುಳ ಕೇಳದೆ ಇವಳಿಗೆ ಒಂದು ಗುಂಡಿ ಹೊಲಿಯಲೂ ಕೈ ಬರುತ್ತಿರಲಿಲ್ಲ.

ಹೋದ ತಿಂಗಳು ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡಳು. ಟಿವಿಯ ಎದುರು ಮೊಬೈಲ್ ಹಿಡಿದು ಎರಡು ನಿಮಿಷದ ಜಗಳವೊಂದನ್ನು ತೆಗೆದು, ಮಗಳ ಖಾತೆಯಿಂದ ಇಂಟರ್ನೆಟ್ಟಿಗೆ ಹಾಕಿದಳು. ಊರಿಗೆ ಊರೇ ನಕ್ಕಿತು. ಹತ್ತನೇ ದಿನ ವಿಡಿಯೊ ಮಾಯ, ಧಾರಾವಾಹಿ ಪ್ರಸಾರ ಮಾಡಿದ್ದ ಟಿವಿ ಕಂಪನಿಯ ನೋಟೀಸು ಹಾಜರ್. ಕೃತಿಸ್ವಾಮ್ಯದ ಉಲ್ಲಂಘನೆ, ನಿಮ್ಮಲ್ಲಿರುವ ಎಲ್ಲ ಪ್ರತಿಗಳನ್ನೂ ಏಳು ದಿನದೊಳಗೆ ನಾಶಪಡಿಸತಕ್ಕದ್ದು, ತಪ್ಪಿದಲ್ಲಿ ಮೊಕದ್ದಮೆ.

ಖಾತೆ ಮಗಳದು, ಹಾಗಾಗಿ ನೋಟೀಸಿನಲ್ಲಿದ್ದ ಹೆಸರೂ ಮಗಳದೇ. ಅವಳೋ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಕೇಸು ಬಿದ್ದರೆ ಕೆಲಸ ಹೋದಂತೆಯೇ. ಟೇಲರಮ್ಮ ಮೊಬೈಲಿನಲ್ಲಿದ್ದುದನ್ನು ಅಳಿಸಿದಳು, ಹದಿಮೂರೂ ಕಂತು ತಾನೇ ತುಂಬಿಸಿಟ್ಟುಕೊಂಡದ್ದು, ತಪ್ಪಾಯಿತೆಂದು ಕಂಪನಿಗೆ ಪತ್ರ ಬರೆದಳು. ಕ್ಯಾಸೆಟ್ಟಿನ ಮೇಲೆ ಮಾತ್ರ ಕೈ ಮಾಡಲಾಗಲಿಲ್ಲ. ನಾಳೆ, ನಾಳೆ ಎನ್ನುತ್ತಲೇ ಏಳು ದಿನ ಕಳೆದುಹೋಯಿತು. ಎಂಟನೇ ದಿನ ವಕೀಲೆಯ ಫೋನು.

"ನಿಮ್ಮ ಪತ್ರ ನೋಡಿದ್ವಿ. ಹದಿಮೂರೂ ಇನ್ನೂ ಮನೇಲೇ ಇವೆಯಾ?"

ಸುಳ್ಳು ಹೇಳಬೇಕಿತ್ತು. ನಾಲಿಗೆ ಹೊರಳಲಿಲ್ಲ. "ಇವೆ."

"ಬೇರೆ ಯಾರಿಗಾದ್ರೂ ಪ್ರತಿ ಮಾಡಿ ಕೊಟ್ಟಿದ್ದೀರಾ?"

"ದೇವರಾಣೆ ಇಲ್ಲಮ್ಮ. ನೋಟೀಸು ಬಂದಮೇಲಂತೂ..."

"ನೋಟೀಸ್ ಕಂಪ್ಯೂಟರ್ ಕಳಿಸೋದು. ಈಗ ಮಾತಾಡ್ತಿರೋದು ನಾವು. ನಾಳೆ ನಮ್ಮ ದೊಡ್ಡವರನ್ನ ಕರ್ಕೊಂಡು ಬರ್ತೀನಿ. ಒಂದು ಕ್ಯಾಸೆಟ್ಟೂ ಮನೆಯಿಂದ ಆಚೆ ಹೋಗಬಾರದು."

"ನಮ್ಮ ಹುಡುಗಿ ಹೆಸರಿಗೆ ಏನೂ..."

"ಅದೆಲ್ಲ ಆಮೇಲೆ. ಮೊದಲು ಅವು ನಮ್ಮ ಕಣ್ಣಿಗೆ ಬೀಳಲಿ."

ಯಂತ್ರ ಬಿಟ್ಟು ಮನುಷ್ಯರೇ ಹೊರಟಿದ್ದಾರೆಂದರೆ ವಿಷಯ ಕೈಮೀರಿದೆ ಎಂದಾಯಿತು. ಮಗಳ ಮುಂದೆ ಚಕಾರ ಎತ್ತಲಿಲ್ಲ. ಬೆಳಗ್ಗೆ ಅವಳು ಕೆಲಸಕ್ಕೆ ಹೊರಡುವುದನ್ನೇ ಕಾದಿದ್ದು ಕತ್ತರಿ ಹಿಡಿದಳು.

ಹತ್ತನೆಯದು ಮುಗಿಯಿತು. ಹನ್ನೊಂದನೆಯದನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟಳು. ಅದರಲ್ಲಿ ಅಕ್ಕ ಬೈಯುತ್ತ ಬೈಯುತ್ತ ಮಾತು ಮರೆತು ಫಕ್ಕನೆ ನಕ್ಕುಬಿಡುತ್ತಾಳೆ. ಹಾಗೇ ಪ್ರಸಾರ ಮಾಡಿದ್ದರು. ಆ ನಗು ಮನೆಯೊಡತಿಯದಲ್ಲ, ಅಕ್ಕನದೇ. ಇದೊಂದನ್ನು ಚಿಂದಿಬಟ್ಟೆಯ ಮೂಟೆಯಲ್ಲಿ ಹುದುಗಿಸಿಟ್ಟರೆ? ಸಿಕ್ಕಿಬಿದ್ದರೆ? ಸತ್ತ ಅಕ್ಕನ ನಗು ಒಂದು ಕಡೆ, ಬದುಕಿರುವ ಮಗಳ ಅನ್ನ ಒಂದು ಕಡೆ.

ಅತ್ತು ಹಗುರಾಗಲೂ ಹೊತ್ತಿರಲಿಲ್ಲ. ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನನ್ನದು ಬರೀ ನಕಲು. ಅಸಲು ಕಂಪನಿಯವರ ಹತ್ತಿರ ಇದೆ. ಅಷ್ಟು ದೊಡ್ಡವರು, ಧೂಳು ಸೋಕದ ಹಾಗೆ ಇಟ್ಟಿರುತ್ತಾರೆ. ಅಕ್ಕ ಅಲ್ಲಿ ಚೆನ್ನಾಗಿದ್ದಾಳೆ. ಹಾಗೆಂದುಕೊಂಡು ಕಣ್ಣು ಮುಚ್ಚಿ ಕತ್ತರಿಸಿದಳು. ಮಿಕ್ಕ ಎರಡಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬಾಗಿಲು ತೆಗೆದಾಗ ವಕೀಲೆಯ ಪಕ್ಕದಲ್ಲಿ ತಲೆ ನರೆತ ದೊಡ್ಡವರು ನಿಂತಿದ್ದರು. ಕೈಯಲ್ಲಿ ಸ್ಪಂಜು ಹಾಸಿದ ಪೆಟ್ಟಿಗೆ. ಜಪ್ತಿಗೆ ತಯಾರಾಗಿಯೇ ಬಂದಿದ್ದಾರೆ, ಎಂದುಕೊಂಡಳು ಟೇಲರಮ್ಮ.

"ಎಲ್ಲಮ್ಮಾ ಕ್ಯಾಸೆಟ್ಟು?" ದೊಡ್ಡವರ ದನಿಯಲ್ಲಿ ಆತುರವಿತ್ತು.

ಅವಳು ಬಕೆಟ್ಟನ್ನು ಎತ್ತಿ ತಂದು ಅವರ ಕಾಲ ಬಳಿ ಇಟ್ಟಳು. "ನೋಟೀಸಲ್ಲಿ ಹೇಳಿದ ಹಾಗೇ ಮಾಡಿದ್ದೀನಿ ಸಾರ್. ಎರಡು ದಿನ ತಡ ಆಯ್ತು, ಅಷ್ಟೇ. ಗೇಣುದ್ದವೂ ಉಳಿಸಿಲ್ಲ. ಬೇಕಾದ್ರೆ ಮನೆಯೆಲ್ಲ ಹುಡುಕಿ. ನಮ್ಮ ಹುಡುಗಿ ತಂಟೆಗೆ ಮಾತ್ರ ಬರಬೇಡಿ."

ವಕೀಲೆ ಗೋಡೆ ಹಿಡಿದುಕೊಂಡಳು. ದೊಡ್ಡವರು ಬಗ್ಗಿ ಒಂದು ಹಿಡಿ ಚೂರು ಎತ್ತಿಕೊಂಡು, ಅದನ್ನೇ ನೋಡುತ್ತ ನಿಂತರು. ಬೈಯಲಿಲ್ಲ, ಗದರಿಸಲಿಲ್ಲ. ಟೇಲರಮ್ಮನಿಗೆ ಧೈರ್ಯ ಬಂತು. ಮಗಳು ಉಳಿದಳು. ಇನ್ನು ತನಗಾಗಿ ಒಂದು ಮಾತು ಕೇಳಬಹುದು.

"ಸಾರ್, ಅದರಲ್ಲಿ ಜಗಳ ಆಡೋಳು ನಮ್ಮ ಅಕ್ಕ. ವರ್ಷಕ್ಕೆ ಒಂದೇ ಒಂದು ಸಲ ನಿಮ್ಮ ಆಫೀಸಿಗೆ ಬರ್ತೀನಿ. ಮೂಲೇಲಿ ಕೂತು, ನಿಮ್ಮ ಹತ್ತಿರ ಇರೋ ಅಸಲಿನಲ್ಲಿ ಅವಳನ್ನ ನೋಡಿ ಹೋಗ್ತೀನಿ. ಬೇಡ ಅನ್ನಬೇಡಿ."

"ಅಸಲು ಟೇಪು ಅಳಿಸಿ ಅದರ ಮೇಲೆ ಆ ವರ್ಷವೇ ಫುಟ್‌ಬಾಲ್ ಪಂದ್ಯ ತುಂಬಿಸಿಬಿಟ್ಟಿದ್ವಮ್ಮ," ಎಂದರು ದೊಡ್ಡವರು, "ನಿಮ್ಮ ಅಕ್ಕ ಉಳಿದಿದ್ದಿದ್ದು ಈ ಮನೇಲಿ ಮಾತ್ರ."