ಅರ್ಲೆನ್‌ನ ತಕ್ಕಡಿ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಕೊರಿನ್ ಗ್ಯಾರೇಜಿಗೆ ಹೋಗಿ, ಬಂದೂಕಿನ ತೋಟೆ ತುಂಬುವ ಯಂತ್ರದ ಹಿಂದೆ ಕೈಹಾಕಿ, ಅಲ್ಲೇ ಇದೆಯೆಂದು ತನಗೆ ಗೊತ್ತಿದ್ದ ಪುಟ್ಟ ತಕ್ಕಡಿಯನ್ನು ಹೊರತೆಗೆದಳು. ಮದ್ದು ತೂಗುವ ಆ ತಕ್ಕಡಿ ಪಕ್ಕದ ಮನೆಯ ಅರ್ಲೆನ್‌ನದು. ಗಂಡ ವೇಡ್ ಎರವಲು ತಂದಿದ್ದ.

ಹಿಂದಿನ ಎಲ್ಕ್ ಜಿಂಕೆ ಬೇಟೆಯ ಕಾಲದಲ್ಲಿ ಮುದುಕ ಅರ್ಲೆನ್ ಅದನ್ನು ಕೇಳಿಕೊಂಡು ಬಂದಾಗ ವೇಡ್, "ಆಗ್ಲೇ ಕೊಟ್ಟೆನಲ್ಲ" ಎಂದಿದ್ದ. ಕೊರಿನ್ ನಕ್ಕು, "ಕನ್ನಡಕ ಹಣೆ ಮೇಲಿಟ್ಕೊಂಡು ಊರೆಲ್ಲ ಹುಡುಕೋರು ನೀವು. ಮನೇಲೇ ನೋಡಿ, ಅರ್ಲೆನ್" ಎಂದಿದ್ದಳು. ವಾರದಲ್ಲೇ ತಕ್ಕಡಿ ವೇಡ್‌ನ ಗ್ಯಾರೇಜಿನ ಮೇಜಿನಡಿ ಸಿಕ್ಕಿತು. ನಾಳೆ ಕೊಡೋಣವೆಂದ ವೇಡ್. ಅಷ್ಟರಲ್ಲಿ ಅರ್ಲೆನ್ ತನ್ನ ತೋಟೆ ತುಂಬುವ ಯಂತ್ರವನ್ನೇ ಮಾರಲು ತಂದ. "ಮರೆವಿನವನು ಒಂದೇ ತೋಟೆಗೆ ಎರಡು ಸಲ ಮದ್ದು ಹಾಕಿದ್ರೆ ಬಂದೂಕು ಮುಖದ ಮೇಲೇ ಸಿಡಿಯುತ್ತೆ. ನೀನೇ ಇಟ್ಕೋ, ವೇಡ್." ಹಿಡಿಯನ್ನು ಒಮ್ಮೆ ಎಳೆದರೆ ಒಂದು ತೋಟೆ ಸಿದ್ಧವಾಗಿ ಬೀಳುವ ಆ ಯಂತ್ರಕ್ಕೆ ವೇಡ್ ವರ್ಷಗಳಿಂದ ಆಸೆಪಟ್ಟಿದ್ದ. ಅರ್ಧ ಬೆಲೆಗೆ ಸಿಕ್ಕಿತು. ತಕ್ಕಡಿಯ ಬಗ್ಗೆ ಗಂಡಹೆಂಡತಿ ಇಬ್ಬರೂ ಬಾಯಿ ಬಿಡಲಿಲ್ಲ.

ಕೊರಿನ್ ತಕ್ಕಡಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದಳು. ನಿನ್ನೆ ವೇಡ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಅರ್ಲೆನ್ ಬಾಗಿಲು ತೆರೆದ. "ಬಾ ಮಗಳೇ, ಕಾಫಿ ಇದೆ. ಸಕ್ಕರೆ ಹಾಕಿದೀನಾ ಅಂತ ಮಾತ್ರ ಕೇಳ್ಬೇಡ." ಅವನ ಹಿಂದೆ ಫ್ರಿಜ್ಜಿನ ತುಂಬ ಅವನೇ ಬರೆದ ಚೀಟಿಗಳು ಅಂಟಿದ್ದವು: ಒಲೆ ಆರಿಸು. ನಾಯಿಗೆ ಊಟ ಆಯಿತೇ ನೋಡು.

ಅವಳು ತಕ್ಕಡಿಯನ್ನು ಮೇಜಿನ ಮೇಲಿಟ್ಟಳು.

"ಎಲ್ಲಿತ್ತು ಇದು?"

"ನಮ್ಮಲ್ಲೇ. ನೀವು ಮರೆತದ್ದಲ್ಲ, ನಾವೇ ಕೊಟ್ಟಿರಲಿಲ್ಲ. ನೀವು ಯಂತ್ರ ಮಾರೋಕೆ ಮುಂಚೆಯೇ ನಂಗೆ ಗೊತ್ತಿತ್ತು."

ಅರ್ಲೆನ್ ತಕ್ಕಡಿಯನ್ನು ಎತ್ತಿ ತಿರುಗಿಸಿ ನೋಡಿ ಕೆಳಗಿಟ್ಟ. ಆಮೇಲೆ, ಅವಳ ಕಡೆ ತಿರುಗದೆ, ಫ್ರಿಜ್ಜಿನ ಮೇಲಿನ ಚೀಟಿಗಳನ್ನು ಒಂದೊಂದಾಗಿ ಕೀಳತೊಡಗಿದ.